ರಕ್ತ ತೆಳು, ಬಿಲ್ ದಪ್ಪ

ಸೇಡಂ ಮಾಮಾ ನಮ್ಮ ಮನೆತನದ ಗುಂಪಿಗೆ ಕಳಿಸಿದ ಫಾರ್ವರ್ಡಿನ ತಲೆಬರಹವೇ ಇದು. ‘ಐಸಿಯುನಲ್ಲಿ ಬೇಕಂತಲೇ ರಕ್ತ ತೆಳು ಮಾಡುವ ಇಂಜೆಕ್ಷನ್ ಕೊಡುತ್ತಾರೆ, ರಕ್ತ ಸೋರಿದ ಮೇಲೆ ರಕ್ತದ ಬಾಟಲಿ ಮಾರುತ್ತಾರೆ, ಎಲ್ಲರಿಗೂ ಕಳಿಸಿ.’ ಕೆಳಗೆ ಮಾಮಾ ಸ್ವಂತದ ಒಂದು ಸಾಲು: ‘ನಾನು ಅವತ್ತೇ ಹೇಳಿದ್ದೆ.’

ಅವತ್ತು ಅಂದರೆ ಯಾವತ್ತು ಅಂತ ಎಲ್ಲರಿಗೂ ಗೊತ್ತು. ದೊಡ್ಡಪ್ಪ ಸೊಲ್ಲಾಪುರದಲ್ಲಿ ವೆಂಟಿಲೇಟರ್ ಮೇಲಿದ್ದಾಗ. ಹಾಗಾಗಿ ಮೆಸೇಜ್ ಪೂರ್ತಿ ಓದುವ ಗೋಜಿಗೆ ಯಾರೂ ಹೋಗಲಿಲ್ಲ.

ಇಂಜಿನಿಯರ್ ತಮ್ಮ: ಇದಕ್ಕೆ ಆಧಾರ ಏನು ಮಾಮಾ? ಯಾವ ಡಾಕ್ಟರ್ ಹೇಳಿದ್ದು?

ಸೇಡಂ ಮಾಮಾ: ನನ್ನ ಹತ್ತಿರ ಫೀಸಿಗೆ ದುಡ್ಡು ತಗೊಂಡಾಗ ಆಧಾರ ಕೇಳಿದ್ದೆಯೇನಪ್ಪಾ?

ಆಳಂದ ಅತ್ತಿ: ದೊಡ್ಡವರ ಜೊತೆ ವಾದ ಬೇಡ. ನಮ್ಮ ಹಿರಿಯರು ಜೋಳದ ರೊಟ್ಟಿ ತಿಂದು ಗಟ್ಟಿಯಾಗಿದ್ದರು, ಆಸ್ಪತ್ರೆ ಮೆಟ್ಟಿಲು ಹತ್ತಿರಲಿಲ್ಲ.

(ಹಿರಿಯರಲ್ಲಿ ಎಷ್ಟು ಜನ ಐವತ್ತು ದಾಟಿದ್ದರು ಅಂತ ಕೇಳುವ ಧೈರ್ಯ ನನಗಿಲ್ಲ.)

ಆಗ ಹೈದರಾಬಾದಿನಲ್ಲಿ ಐಸಿಯು ನರ್ಸ್ ಆಗಿರುವ ತಂಗಿ ಉದ್ದಕ್ಕೆ ಬರೆದಳು: ‘ಮಾಮಾ, ಹಾಸಿಗೆ ಹಿಡಿದವರಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಕುತ್ತು. ಅದಕ್ಕೇ ಹೆಪಾರಿನ್, ನೀವು ಹೇಳುವ ರಕ್ತ ತೆಳು ಮಾಡುವ ಇಂಜೆಕ್ಷನ್. ಶ್ವಾಸಕೋಶದ ಕೆಲಸ ಮಾಡುವ ಎಕ್ಮೋ ಯಂತ್ರ ಹಾಕಿದರಂತೂ ಇನ್ನೂ ಕಷ್ಟ. ರಕ್ತವನ್ನು ಹೊರಗೆ ತೆಗೆದು ಪ್ಲಾಸ್ಟಿಕ್ ಪೈಪಿನಲ್ಲಿ ಹರಿಸಿ, ಆಕ್ಸಿಜನ್ ಸೇರಿಸಿ ವಾಪಸ್ ಕಳಿಸುತ್ತೇವೆ. ಪ್ಲಾಸ್ಟಿಕ್ ತಾಗಿದರೆ ಸಾಕು, ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಔಷಧ ಕಡಿಮೆಯಾದರೆ ಯಂತ್ರ ಕಟ್ಟಿಕೊಳ್ಳುತ್ತದೆ, ಜಾಸ್ತಿಯಾದರೆ ಮೆದುಳಲ್ಲಿ ರಕ್ತಸ್ರಾವ. ಸೋಂಕು ರಕ್ತಕ್ಕೆ ಏರಿದವರಿಗೆ ಸಣ್ಣ ಸಣ್ಣ ನಾಳಗಳಲ್ಲೆಲ್ಲ ಹೆಪ್ಪು ಕಟ್ಟಿ, ರಕ್ತ ಹೆಪ್ಪುಗಟ್ಟಿಸುವ ಕಣವಾದ ಪ್ಲೇಟ್‌ಲೆಟ್ ಖರ್ಚಾಗಿಬಿಡುತ್ತದೆ, ಆಮೇಲೆ ಸೂಜಿ ಚುಚ್ಚಿದಲ್ಲೆಲ್ಲ ರಕ್ತ. ಡಿಐಸಿ ಅಂತೀವಿ. ಒಬ್ಬನೇ ಪೇಷಂಟಿಗೆ ಹೆಪ್ಪು, ರಕ್ತಸ್ರಾವ ಎರಡೂ ಆಗುತ್ತವೆ.’

ಶಹಾಬಾದ್ ಕಾಕಾ: ಎಕ್ಮೋ ಅಂದರೆ 2020ರಲ್ಲಿ ಎಸ್ಪಿಬಿಗೆ ಹಾಕಿದ್ದರಲ್ಲ, ಅದೇನಾ? ಏನು ಕಂಠ ರೀ! ಕಲಬುರಗಿಯ ಶರಣಬಸವೇಶ್ವರ ಅಪ್ಪನ ಜಾತ್ರೆಗೆ ಟೆಂಪೋದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಅವರ ಕ್ಯಾಸೆಟ್ಟೇ.

ಆಳಂದ ಅತ್ತಿ: ಆ ಟೇಪ್ ರೆಕಾರ್ಡರ್ ನನ್ನ ತವರಿನದು. ಈಗ ಯಾರ ಮನೆಯಲ್ಲಿದೆ?

ಇದಕ್ಕೆ ಉತ್ತರ ಬರಲಿಲ್ಲ. ಇಂಜಿನಿಯರ್ ತಮ್ಮ ನರ್ಸ್ ತಂಗಿಯನ್ನೂ ಬಿಡದೆ ಹೆಪಾರಿನ್ನಿಗೆ ಆಧಾರ ಕೇಳಿದ. ಅವಳು ಪಾಪ ಹೇಳಿದಳು: 1916ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ಮೆಡಿಕಲ್ ವಿದ್ಯಾರ್ಥಿ ನಾಯಿಯ ಲಿವರಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಕಂಡ, ಈಗ ಈ ಔಷಧವನ್ನು ಹೆಚ್ಚಾಗಿ ಹಂದಿಯ ಕರುಳಿನಿಂದ ತೆಗೆಯುತ್ತಾರೆ.

ಅಷ್ಟೇ. ಗುಂಪಿಗೆ ಬೆಂಕಿ ಬಿತ್ತು.

ಆಳಂದ ಅತ್ತಿ: ಹಂದಿಯದಾ?! ಕೊರಳಲ್ಲಿ ಲಿಂಗ ಕಟ್ಟಿದ ನಮ್ಮ ಅಣ್ಣನಿಗೂ ಅದನ್ನೇ ಕೊಟ್ಟರಾ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಯಾರು?

ಸೇಡಂ ಮಾಮಾ: ನಾನಂತೂ ಅಲ್ಲ. ನಾನು ಬೇಡ ಅಂದಿದ್ದೆ.

ಶಹಾಬಾದ್ ಕಾಕಾ: ಬೇಡ ಅಂದವರು ಬಿಲ್ ಕಟ್ಟುವಾಗ ಎಲ್ಲಿದ್ದಿರಿ?

ಸೇಡಂ ಮಾಮಾ: ಹೊಲ ಬರೆಸಿಕೊಂಡವರು ಕಟ್ಟಬೇಕಪ್ಪಾ.

ಈ ಗದ್ದಲದ ನಡುವೆ ತಂಗಿ ಇನ್ನೊಂದು ಹಾಕಿದ್ದಳು. ನನ್ನ ಪ್ರಕಾರ ಇಡೀ ದಿನದಲ್ಲಿ ಓದಬೇಕಾದ್ದು ಅದೊಂದೇ: ‘ಮಾಮಾ, ನಿಮ್ಮ ಸಂಶಯ ಪೂರ್ತಿ ಸುಳ್ಳಲ್ಲ. ಕೆಲವರಿಗೆ ಹೆಪಾರಿನ್ನೇ ತಿರುಗಿ ಬೀಳುತ್ತದೆ. ಸಾಮಾನ್ಯವಾಗಿ ಶುರು ಮಾಡಿದ 5ರಿಂದ 10 ದಿನದೊಳಗೆ ಪ್ಲೇಟ್‌ಲೆಟ್ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ, ಆದರೂ ಹೊಸ ಹೆಪ್ಪು ಕಟ್ಟುತ್ತದೆ. ಆಗ ಅದನ್ನು ನಿಲ್ಲಿಸಿ ಬೇರೆ ಔಷಧ ಕೊಡಬೇಕು. ಮನೆಯವರು ಡಾಕ್ಟರನ್ನು ಕೇಳಬೇಕಾದ್ದು ಪ್ಲೇಟ್‌ಲೆಟ್ ದಿನಾ ಎಷ್ಟು ಬರುತ್ತಿದೆ ಅಂತ.’

ಹೊಲದ ಜಗಳದಲ್ಲಿ ಅದು ಮೇಲೆ ಸರಿದುಹೋಯಿತು. ರಾತ್ರಿ, ಗುಂಪಿನಲ್ಲಿ ಯಾವತ್ತೂ ಮಾತಾಡದ ದೊಡ್ಡವ್ವನ ವಾಯ್ಸ್ ಮೆಸೇಜ್ ಬಂತು. ‘ಸಹಿ ಹಾಕಿದ್ದು ನಾನು. ಫೈಲು ಟ್ರಂಕಿನಲ್ಲಿದೆ. ಕೇಳುವುದಿದ್ದರೆ ಮನೆಗೆ ಬಂದು ನನ್ನನ್ನು ಕೇಳಿ.’

ಸೇಡಂ ಮಾಮಾ ಕೇಳಿಸಿಕೊಂಡರೋ ಇಲ್ಲವೋ, ಅದಕ್ಕೂ ಒಂದು ಹೆಬ್ಬೆಟ್ಟು ಒತ್ತಿದರು.