ರೆಸ್ಯೂಮ್ ಹಿಂದೆ ಇನ್ನೊಂದು ಹಾಳೆ: ಹೊಸ ಪದವೀಧರರ ಪ್ರಶ್ನೋತ್ತರ

ಪ್ರಶ್ನೆ (ಕಾರವಾರ, ಬಿ.ಕಾಂ.): ಮೇಡಂ, ಅಕೌಂಟ್ಸ್ ಕೆಲಸಕ್ಕೆ ಎಷ್ಟೋ ಕಡೆ ಅರ್ಜಿ ಕೊಟ್ಟೆ, ಒಂದೂ ಫೋನ್ ಬರಲಿಲ್ಲ. ಕ್ಲಾಸಿನವರ ರೆಸ್ಯೂಮ್ ಎಲ್ಲ ಒಂದೇ ಥರ ಇದೆ. ಬಣ್ಣದ ಟೆಂಪ್ಲೇಟ್ ಹಾಕಿದರೆ ಎದ್ದು ಕಾಣುತ್ತದಾ?

ಉತ್ತರ (ನೇಮಕಾತಿ ಸಲಹೆಗಾರ್ತಿ): ಬಣ್ಣ ಬೇಡ. ಎರಡು ಕಾಲಂ ಟೆಂಪ್ಲೇಟ್ ಆದರೆ ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಎಡದ ಸಾಲಿಗೆ ಬಲದ ಸಾಲು ಅಂಟಿಸಿ ಓದುವುದುಂಟು. ಒಂದು ಪುಟ, ಒಂದೇ ಕಾಲಂ, ಪಿಡಿಎಫ್ ಸಾಕು. ಎದ್ದು ಕಾಣಬೇಕಾದದ್ದು ಅದರ ಹಿಂದೆ ಪಿನ್ ಮಾಡಿದ ಹಾಳೆ. ಕೇಳುತ್ತಿರುವ ಕೆಲಸವನ್ನೇ ಸ್ವಲ್ಪ ಮಾಡಿ ಅದರಲ್ಲಿ ತೋರಿಸಿ.

ನಿಮಗೆ ಜಿಎಸ್‌ಟಿ ತಾಳೆ ಪಟ್ಟಿ ಒಳ್ಳೆಯದು. ಒಂದು ಹಾರ್ಡ್‌ವೇರ್ ಅಂಗಡಿ ಅಂದುಕೊಂಡು 20 ಖರೀದಿ ಬಿಲ್ ಎಕ್ಸೆಲ್‌ನಲ್ಲಿ ಬರೆಯಿರಿ. ಪಕ್ಕದ ಶೀಟ್‌ನಲ್ಲಿ ಜಿಎಸ್‌ಟಿಆರ್-2ಬಿ (ಮಾರಿದವರು ಹಾಕಿದ ರಿಟರ್ನ್ ನೋಡಿ ಪೋರ್ಟಲ್ ಮಾಡಿಕೊಡುವ ಖರೀದಿ ಪಟ್ಟಿ) ಮಾದರಿಯಲ್ಲಿ ಅವೇ ಬಿಲ್‌ಗಳು, ಆದರೆ ಮೂರು ವ್ಯತ್ಯಾಸ ಬೇಕಂತಲೇ ಇಡಿ. ಒಂದು ಬಿಲ್ 2ಬಿಯಲ್ಲಿ ಇಲ್ಲವೇ ಇಲ್ಲ: ಮಾರಿದವರು ರಿಟರ್ನ್ ಹಾಕಿಲ್ಲ, ಆ ತಿಂಗಳು ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗುವುದಿಲ್ಲ. ಇನ್ನೊಂದರಲ್ಲಿ 15 ಅಕ್ಷರದ ಜಿಎಸ್‌ಟಿ ನಂಬರಿನ ಸೊನ್ನೆ ಇರಬೇಕಾದಲ್ಲಿ ಇಂಗ್ಲಿಷ್ ‘ಓ’ ಬಿದ್ದಿದೆ. ಮೂರನೆಯದು ಕಾರವಾರದವರಿಗೆ ಗೊತ್ತಿರಲೇಬೇಕಾದದ್ದು, ಮಡಗಾಂವ್‌ನಿಂದ ತರಿಸಿದ ಮಾಲು. 10,000 ರೂಪಾಯಿ ಮಾಲಿಗೆ 18% ಅಂದರೆ 1,800 ಪೂರ್ತಿ ಐಜಿಎಸ್‌ಟಿ (ಬೇರೆ ರಾಜ್ಯದಿಂದ ಬಂದ ಮಾಲಿನ ತೆರಿಗೆ). ಖರೀದಿ ಬುಕ್ಕಿನಲ್ಲಿ ಅದು 900 ಸಿಜಿಎಸ್‌ಟಿ, 900 ಎಸ್‌ಜಿಎಸ್‌ಟಿ ಅಂತ, ರಾಜ್ಯದೊಳಗಿನ ಖರೀದಿಯ ಹಾಗೆ ಕೂತಿದೆ. ನಂಬರಿನ ಮೊದಲೆರಡು ಅಂಕಿ ನೋಡಿದರೆ ಸಿಕ್ಕಿಬೀಳುತ್ತದೆ: ಕರ್ನಾಟಕ 29, ಗೋವಾ 30.

ಪ್ರತಿ ತಪ್ಪಿನ ಎದುರು ಏನಾಗಿದೆ, ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಸಾಲು. ಮೇಲೆ ‘ಮಾದರಿ ಲೆಕ್ಕ’ ಅಂತ ಕಾಣುವ ಹಾಗೆ ಬರೆಯಿರಿ. ಬೇರೆ ಅಂಗಡಿಯ ನಿಜವಾದ ಬಿಲ್ ತಂದು ತೋರಿಸಿದರೆ, ನಾಳೆ ನಮ್ಮ ಲೆಕ್ಕವನ್ನೂ ಹೀಗೇ ತೋರಿಸುತ್ತಾರೆ ಅಂತ ಮಾಲೀಕರಿಗೆ ಅನಿಸುತ್ತದೆ.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಅಭ್ಯಾಸಕ್ಕೆ ದುಡ್ಡು ಬೇಡ, ಎಜುಕೇಷನಲ್ ಮೋಡ್ ಇದೆ. ಅದರಲ್ಲಿ ತಿಂಗಳ 1, 2 ಮತ್ತು 31ರ ತಾರೀಕಿಗೆ ಮಾತ್ರ ಎಂಟ್ರಿ ಆಗುತ್ತದೆ.

ಕೆಲಸ ಕೇಳಲು ಆಡಿಟರ್ ಆಫೀಸಿಗೆ 11 ಮತ್ತು 20ನೇ ತಾರೀಕಿನ ಆಸುಪಾಸಿನಲ್ಲಿ ಹೋಗಬೇಡಿ. ಅವು ಜಿಎಸ್‌ಟಿಆರ್-1 (ಮಾರಾಟದ ವಿವರ), 3ಬಿ (ತೆರಿಗೆ ಕಟ್ಟುವ ರಿಟರ್ನ್) ಹಾಕುವ ಕೊನೇ ದಿನಗಳು, ತಲೆ ಎತ್ತಿ ನೋಡಲೂ ಪುರಸೊತ್ತಿರುವುದಿಲ್ಲ. 22ರ ನಂತರ ಹೋಗಿ.

ಪ್ರಶ್ನೆ (ಶಿರಸಿ, ಬಿ.ಎಸ್ಸಿ.): ನನಗೆ ಡೇಟಾ ಕೆಲಸ ಬೇಕು. ಟೈಟಾನಿಕ್ ಪ್ರಯಾಣಿಕರ ಪಟ್ಟಿ ಇಟ್ಟುಕೊಂಡು ಪ್ರಾಜೆಕ್ಟ್ ಮಾಡಿದ್ದೇನೆ.

ಉತ್ತರ: ಅದನ್ನು ಎಲ್ಲರೂ ಮಾಡಿರುತ್ತಾರೆ. ನೀವು ಶಿರಸಿಯಲ್ಲಿದ್ದೀರಿ, ಅಡಿಕೆ ದರ ಹಿಡಿಯಿರಿ! ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಶಿರಸಿ ಮಾರುಕಟ್ಟೆಯ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ದರ ಸಿಗುತ್ತದೆ. ಆರು ತಿಂಗಳದ್ದು ತೆಗೆದುಕೊಂಡು ತಾರೀಕು, ಜಾತಿ, ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ (ಹೆಚ್ಚು ಮಾಲು ಮಾರಾಟವಾದ ದರ) ಅಂತ ಆರು ಕಾಲಂ ಮಾಡಿ.

ಕೆಡುವುದು ಎರಡು ಕಡೆ. ವ್ಯಾಪಾರ ಇಲ್ಲದ ದಿನಕ್ಕೆ 0 ಹಾಕಿದರೆ ಎಕ್ಸೆಲ್ ಅದನ್ನೂ ಲೆಕ್ಕಕ್ಕೆ ಹಿಡಿದು ಸರಾಸರಿ ಕೆಳಗೆ ಎಳೆಯುತ್ತದೆ. ಖಾಲಿ ಬಿಡಿ. ತಾರೀಕನ್ನು ಚುಕ್ಕಿ ಇಟ್ಟು ಬರೆದರೆ ಎಕ್ಸೆಲ್‌ಗೆ ಅದು ಬರೀ ಅಕ್ಷರ ಆಗಿಬಿಡಬಹುದು, ಆಗ ಪಿವಟ್ ಟೇಬಲ್ ತಿಂಗಳುವಾರು ಗುಂಪು ಮಾಡುವುದಿಲ್ಲ. ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಡಿಎಂವೈ (ದಿನ, ತಿಂಗಳು, ವರ್ಷ) ಆರಿಸಿದರೆ ಸರಿಹೋಗುತ್ತದೆ. ಒಂದು ಗ್ರಾಫ್, ಕೆಳಗೆ ಮೂರು ಸಾಲು, ಅಷ್ಟೇ. ಚಾಲಿ, ರಾಶಿ ಸೇರಿಸಿ ಒಂದೇ ಸರಾಸರಿ ಮಾತ್ರ ತೆಗೆಯಬೇಡಿ. ಚಾಲಿ ಸಿಪ್ಪೆ ಸಮೇತ ಒಣಗಿಸಿ ಸುಲಿದದ್ದು, ರಾಶಿ ಹಸಿಯಲ್ಲೇ ಸುಲಿದು ಬೇಯಿಸಿದ್ದು. ಅಡಿಕೆ ಗೊತ್ತಿದ್ದವರು ಆ ಗ್ರಾಫನ್ನು ಅಲ್ಲೇ ಬದಿಗಿಡುತ್ತಾರೆ.

ಪ್ರಶ್ನೆ (ಕುಮಟಾ, ಡಿಪ್ಲೊಮಾ ಮೆಕ್ಯಾನಿಕಲ್): ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕೆ ಕರೆದಾಗ ವಿಡಿಯೊ ರೆಸ್ಯೂಮ್ ಕಳಿಸಲಾ?

ಉತ್ತರ: ಬೇಡ. ಅಲ್ಲಿ ಅಧಿಸೂಚನೆಯಲ್ಲಿ ಇದ್ದದ್ದಷ್ಟೇ ನಡೆಯುತ್ತದೆ. ಫೋಟೊ, ಸಹಿಯ ಅಳತೆ, ಹೆಸರಿನ ಸ್ಪೆಲಿಂಗ್ ಅಂಕಪಟ್ಟಿಯಂತೇ ಇದೆಯಾ ನೋಡಿ. ವಿಡಿಯೊ ಬೇಕಾಗುವುದು ಗೋಕರ್ಣದ ರೆಸಾರ್ಟ್‌ನಂಥ ಕಡೆ. 60 ಸೆಕೆಂಡ್ ಸಾಕು, ಒಳಗೆ ಕೂತು ಮಾಡಿ. ಬೀಚಿನಲ್ಲಿ ಗಾಳಿ ಸದ್ದಿಗೆ ಮಾತು ಕೇಳುವುದಿಲ್ಲ.

ಪ್ರಶ್ನೆ (ಕಾರವಾರ, ಬಿ.ಕಾಂ.): ಮೇಡಂ, ಶೀಟ್ ಮಾಡಿದೆ. ಒಂದು ಜಿಎಸ್‌ಟಿ ನಂಬರ್ ಎರಡೂ ಕಡೆ ಒಂದೇ ಕಾಣುತ್ತದೆ, ವಿಲುಕಪ್ (ಒಂದು ಶೀಟಿನದ್ದನ್ನು ಇನ್ನೊಂದರಲ್ಲಿ ಹುಡುಕುವ ಎಕ್ಸೆಲ್ ಸೂತ್ರ) ಮಾತ್ರ ಸಿಗುವುದಿಲ್ಲ ಅನ್ನುತ್ತದೆ.

ಉತ್ತರ: ಅಕ್ಷರ ಎಣಿಸುವ ಲೆನ್ ಸೂತ್ರ ಹಾಕಿ ನೋಡಿ. 16 ಬಂದರೆ ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿದೆ, ಅದನ್ನು ತೆಗೆಯುವ ಟ್ರಿಮ್ ಸೂತ್ರ ಹಾಕಿ. ಆಮೇಲೆ ಇದನ್ನೂ ನಾಲ್ಕನೇ ವ್ಯತ್ಯಾಸ ಅಂತ ಹಾಳೆಯಲ್ಲಿ ಬರೆಯಿರಿ.