ಆನ್ ಮಾಡಿದ ಕೂಡಲೇ ಫ್ಯೂಸ್ ಹೋಗುತ್ತಿದೆ: ಅಪ್ಪನ ಆಂಪ್ಲಿಫೈಯರ್ ರಿಪೇರಿಗೆ ನಿಮ್ಮ ಅನುಭವ ಹೇಳಿ

ತೀರ್ಥಹಳ್ಳಿಯಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷದ ಹಿಂದೆ ಊರಿನ ಮೆಕ್ಯಾನಿಕ್ ಒಬ್ಬರು ನಮಗೆ ಕಟ್ಟಿಕೊಟ್ಟ ಸ್ಟೀರಿಯೋ ಆಂಪ್ಲಿಫೈಯರ್ ಇದೆ. ಒಳಗೆ 24-0-24 (ನಡುವಿನ ತಂತಿಯಿಂದ ಎರಡೂ ಕಡೆಗೆ 24 ವೋಲ್ಟ್), 5 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಒಂದು ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್), 10000 ಎಂಎಫ್‌ಡಿ (ಮೈಕ್ರೋಫ್ಯಾರಡ್) 63 ವೋಲ್ಟ್‌ನ ಎರಡು ಕಂಡೆನ್ಸರ್, ಆಮೇಲೆ ಸದ್ದು ದೊಡ್ಡದು ಮಾಡುವ ಟಿಡಿಎ 7294 ಐಸಿಯ ಎರಡು ಬೋರ್ಡ್. ಅಪ್ಪ ದಿನಾ ಸಂಜೆ ಯಕ್ಷಗಾನದ ಪದ ಕೇಳುವುದು ಇದರಲ್ಲೇ. ಹೋದ ವಾರ ಕರೆಂಟ್ ಹೋಗಿ ಬಂದಾಗ ಫ್ಯೂಸ್ ಸುಟ್ಟಿತು. ಹೊಸ 2 ಆಂಪಿಯರ್ ಫ್ಯೂಸ್ ಹಾಕಿದೆ, ಸ್ವಿಚ್ ಒತ್ತಿದ ಕೂಡಲೇ ಅದೂ ಹೋಯಿತು. ಕಟ್ಟಿಕೊಟ್ಟವರು ಈಗ ಇಲ್ಲ. ಪೇಟೆಯಲ್ಲಿ ತೋರಿಸಿದರೆ ಹೊಸದು ತಗೊಳ್ಳಿ ಅನ್ನುತ್ತಾರೆ. ನನ್ನ ಹತ್ತಿರ ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಇವೆ, ಬಳಸಿ ಅಭ್ಯಾಸವೂ ಇದೆ. ಎಲ್ಲಿಂದ ಶುರು ಮಾಡಲಿ? ಇನ್ನೊಂದು ಮಾತು. ಕೆಡುವ ಮೊದಲು ಕೆಲವು ತಿಂಗಳಿಂದ ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು ಬರುತ್ತಿತ್ತು.

ಹುಬ್ಬಳ್ಳಿಯಿಂದ:

ಮೊದಲು ಫ್ಯೂಸ್ ಹಾಕುವುದು ನಿಲ್ಲಿಸಿ. ದೊಡ್ಡ ಫ್ಯೂಸ್ ಅಥವಾ ತಾಮ್ರದ ತಂತಿಯನ್ನಂತೂ ಹಾಕಲೇಬೇಡಿ. ನಿಮ್ಮ ಟ್ರಾನ್ಸ್‌ಫಾರ್ಮರ್ ಲೆಕ್ಕ ಹಾಕಿದರೆ 48 ವೋಲ್ಟ್, 5 ಆಂಪಿಯರ್, ಅಂದರೆ 240 ವಿಎ. 230 ವೋಲ್ಟ್ ಕಡೆ ಅದು ಪೂರ್ತಿ ಲೋಡ್‌ನಲ್ಲಿ ಎಳೆಯುವುದು ಹೆಚ್ಚುಕಡಿಮೆ 1 ಆಂಪಿಯರ್. 2 ಆಂಪಿಯರ್ ಫ್ಯೂಸ್ ಕೂಡಲೇ ಹೋಗುತ್ತಿದೆ ಅಂದರೆ ಎಲ್ಲೋ ಶಾರ್ಟ್ ಇದೆ. ನಾನು ಹುಡುಗನಾಗಿದ್ದಾಗ ಟೇಪ್ ರೆಕಾರ್ಡರ್ ಒಂದಕ್ಕೆ ತಂತಿ ಸುತ್ತಿ ಆನ್ ಮಾಡಿ, ಟ್ರಾನ್ಸ್‌ಫಾರ್ಮರ್ ಸುಟ್ಟುಕೊಂಡಿದ್ದೆ. ಹತ್ತು ರೂಪಾಯಿಯ ಡಯೋಡ್ ಕೆಟ್ಟಿದ್ದ ಸೆಟ್ ಅದು. ಆ ವಾಸನೆ ಇನ್ನೂ ಮರೆತಿಲ್ಲ.

ಸೀರೀಸ್ ಬಲ್ಬ್ ಮಾಡಿಕೊಳ್ಳಿ. ಹಳೇ ಟಿವಿ ಮೆಕ್ಯಾನಿಕ್‌ಗಳ ಅಂಗಡಿಯಲ್ಲಿ ಎಲ್ಲರೂ ನೋಡಿರುತ್ತೀರಿ. ಬಲ್ಬಿಗೆ ಒಂದು ಹೋಲ್ಡರ್, ಆಂಪ್ಲಿಫೈಯರ್ ಪ್ಲಗ್ ಹಾಕಲು ಒಂದು ಸಾಕೆಟ್. ಫೇಸ್ ತಂತಿ ಬಲ್ಬಿನ ಮೂಲಕ ಸಾಕೆಟ್‌ಗೆ ಹೋಗಬೇಕು. ಬಲ್ಬ್ 100 ವ್ಯಾಟ್‌ನ ಹಳೇ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಒಳಗೆ ಡೆಡ್ ಶಾರ್ಟ್ ಇದ್ದರೂ ಬಲ್ಬ್ ಅರ್ಧ ಆಂಪಿಯರ್‌ಗಿಂತ ಜಾಸ್ತಿ ಬಿಡುವುದಿಲ್ಲ. ಫ್ಯೂಸ್ ಉಳಿಯುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ, ನಿಧಾನವಾಗಿ ಅಳತೆ ಮಾಡಬಹುದು. ಸೆಟ್ ಸರಿ ಇದ್ದರೆ ಕಂಡೆನ್ಸರ್ ತುಂಬುವವರೆಗೆ ಬಲ್ಬ್ ಒಂದು ಕ್ಷಣ ಬೆಳಗಿ ಮಂಕಾಗುತ್ತದೆ. ಶಾರ್ಟ್ ಇದ್ದರೆ ಪೂರ್ತಿ ಉರಿಯುತ್ತಲೇ ಇರುತ್ತದೆ.

ಇನ್ನು ಹುಡುಕುವುದು ಕರೆಂಟ್ ಒಳಬರುವ ಕಡೆಯಿಂದ ಮುಂದಕ್ಕೆ. ಸ್ಪೀಕರ್ ಎರಡನ್ನೂ ಬಿಚ್ಚಿ. ಟ್ರಾನ್ಸ್‌ಫಾರ್ಮರ್‌ನ ಮೂರು ಔಟ್‌ಪುಟ್ ತಂತಿ ಬಿಚ್ಚಿ ಟೇಪ್ ಸುತ್ತಿ ಆನ್ ಮಾಡಿ. ಆಗಲೂ ಬಲ್ಬ್ ಜೋರಾಗಿ ಉರಿದರೆ ಟ್ರಾನ್ಸ್‌ಫಾರ್ಮರ್ ಒಳಗೇ ಸುತ್ತು ಶಾರ್ಟ್ ಆಗಿದೆ, ರೀವೈಂಡ್ ಮಾಡಿಸಬೇಕು. ಉರಿಯದಿದ್ದರೆ ಬ್ರಿಡ್ಜ್, ಕಂಡೆನ್ಸರ್ ಜೋಡಿಸಿ ಮತ್ತೆ ನೋಡಿ. ಎರಡೂ ಬೋರ್ಡಿನ ತಂತಿ ಆಗಲೂ ಬಿಚ್ಚಿಯೇ ಇರಲಿ. ಪ್ಲಸ್ 33, ಮೈನಸ್ 33 ವೋಲ್ಟ್ ಆಸುಪಾಸು ಬರಬೇಕು. 24 ಅನ್ನು 1.414ರಿಂದ ಗುಣಿಸಿ, ಡಯೋಡ್‌ನಲ್ಲಿ ಹೋಗುವುದನ್ನು ಕಳೆದರೆ ಅಷ್ಟೇ. ಆಮೇಲೆ ಒಂದೊಂದೇ ಬೋರ್ಡ್ ಜೋಡಿಸಿ. ಯಾವ ಹಂತದಲ್ಲಿ ಬಲ್ಬ್ ಉರಿಯಿತೋ ತೊಂದರೆ ಅಲ್ಲೇ ಇದೆ.

ಪುತ್ತೂರಿನಿಂದ:

ಮೇಲಿನವರು ಹೇಳಿದ್ದು ಸರಿ. ನಾನು ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ, ಹಾಗಾಗಿ ಇದನ್ನು ಹೇಳದೇ ಇರಲು ಆಗುವುದಿಲ್ಲ. ಪ್ರತಿ ಸಲ ತಂತಿ ಮುಟ್ಟುವ ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನಿಮ್ಮ ಕಂಡೆನ್ಸರ್‌ಗಳು ದೊಡ್ಡವು, ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತವೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಅಭ್ಯಾಸ ತುಂಬಾ ಜನಕ್ಕಿದೆ. ಕಿಡಿ ಹಾರುತ್ತದೆ, ಕಂಡೆನ್ಸರ್ ಒಳಗೂ ಪೆಟ್ಟು ಬೀಳುತ್ತದೆ. 100 ಓಮ್, 10 ವ್ಯಾಟ್ ರೆಸಿಸ್ಟರ್‌ಗೆ ಎರಡು ವೈರ್ ಬೆಸೆದು, ಒಂದೊಂದು ಕಂಡೆನ್ಸರ್ ಮೇಲೆ ಹತ್ತು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರ್ ಇಟ್ಟು 1 ವೋಲ್ಟ್‌ಗಿಂತ ಕಡಿಮೆ ಇದೆ ಅಂತ ಖಾತ್ರಿ ಮಾಡಿಕೊಳ್ಳಿ.

ಗುಂಯ್ ಸದ್ದಿನ ಬಗ್ಗೆ. ಅದು ಹೆಚ್ಚಾಗಿ ಒಣಗಿದ ಕಂಡೆನ್ಸರ್‌ನ ಲಕ್ಷಣ. ಹದಿನೈದು ವರ್ಷ, ಅದೂ ಟ್ರಾನ್ಸ್‌ಫಾರ್ಮರ್ ಬಿಸಿಯ ಪಕ್ಕದಲ್ಲಿ. ಮೇಲ್ಭಾಗ ಉಬ್ಬದಿದ್ದರೂ ಒಳಗಿನ ದ್ರವ ಆರಿರುತ್ತದೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ಹಾಗೇ ಇದ್ದರೆ ಪವರ್ ಸಪ್ಲೈ ಮೇಲೆ ಅನುಮಾನ ಪಡಬೇಕು. ವಾಲ್ಯೂಮ್ ಜೊತೆಗೆ ಏರಿಳಿದರೆ ಇನ್‌ಪುಟ್ ವೈರು ಅಥವಾ ಅದರ ಶೀಲ್ಡ್ ನೋಡಬೇಕು.

ಮೈಸೂರಿನಿಂದ:

ನನಗೂ ಹೀಗೇ ಕರೆಂಟ್ ಬಂದ ಕ್ಷಣದಲ್ಲೇ ಫ್ಯೂಸ್ ಹೋಗಿತ್ತು. ನಮ್ಮ ಬೀದಿಯಲ್ಲಿ ಗಾಳಿಮಳೆಗೆ ಕಂಬದ ನ್ಯೂಟ್ರಲ್ ತುಂಡಾಗಿತ್ತು. ಹಾಗಾದಾಗ ಕೆಲವು ಮನೆಗೆ 230ರ ಬದಲು 300 ದಾಟಿ ಬರುತ್ತದೆ. ನನ್ನ ಬ್ರಿಡ್ಜ್‌ನಲ್ಲಿ ಒಂದು ಡಯೋಡ್ ಶಾರ್ಟ್ ಆಗಿತ್ತು. ಬ್ರಿಡ್ಜ್ ಬಿಚ್ಚಿ ಮೀಟರಿನ ಡಯೋಡ್ ಮೋಡ್‌ನಲ್ಲಿ ನೋಡಿ: ಒಂದು ಕಡೆ 0.5 ಆಸುಪಾಸು, ತಿರುಗಿಸಿ ಇಟ್ಟರೆ ಏನೂ ತೋರಿಸಬಾರದು. ಬೀಪ್ ಅಂದರೆ ಅದು ಹೋಗಿದೆ. ಬೋರ್ಡ್‌ನಲ್ಲಿ ಇರುವಾಗಲೇ ಅಳೆದು ನಾನು ಎರಡು ದಿನ ಹಾಳು ಮಾಡಿಕೊಂಡೆ, ಬಿಚ್ಚಿಯೇ ನೋಡಿ.

ತೀರ್ಥಹಳ್ಳಿಯಿಂದ, ಮೂರು ದಿನದ ನಂತರ:

ತಂತಿ ಬಲ್ಬ್ ಹುಡುಕುವುದೇ ಕಷ್ಟವಾಯಿತು. ಕೊನೆಗೆ ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಸಿಕ್ಕಿತು. ಟ್ರಾನ್ಸ್‌ಫಾರ್ಮರ್ ಸರಿ ಇದೆ. ಬ್ರಿಡ್ಜ್ ಬಿಚ್ಚಿ ಅಳೆದೆ, ನಾಲ್ಕೂ ಡಯೋಡ್ ಸರಿ ಇವೆ. ಬೋರ್ಡ್ ಇಲ್ಲದೆ ಪ್ಲಸ್ 33.6, ಮೈನಸ್ 33.4 ಬಂತು. ಎಡಗಡೆ ಬೋರ್ಡ್ ಜೋಡಿಸಿದೆ, ಬಲ್ಬ್ ಮಂಕಾಗಿಯೇ ಇತ್ತು. ಬಲಗಡೆಯದು ಜೋಡಿಸಿದ ಕೂಡಲೇ ಪೂರ್ತಿ ಉರಿಯಿತು. ಮೈನಸ್ ಕಡೆ ವೋಲ್ಟೇಜ್ ಸೊನ್ನೆಗೆ ಬಂತು. ಐಸಿ ಹೋಗಿದೆ ಅಲ್ವಾ?

ಹುಬ್ಬಳ್ಳಿಯಿಂದ:

ಇರಿ, ಐಸಿ ಕೀಳಬೇಡಿ. ಮೈನಸ್ ಒಂದೇ ಸೊನ್ನೆ ಆಗಿರುವುದು ದೊಡ್ಡ ಸುಳಿವು. ಟಿಡಿಎ 7294 ಐಸಿಯ ಬೆನ್ನಿನ ಲೋಹ ಇದೆಯಲ್ಲ, ಅದು ಒಳಗೆ ಮೈನಸ್ ಸಪ್ಲೈಗೆ ಸೇರಿದೆ. ಗ್ರೌಂಡ್ ಅಂತ ತುಂಬಾ ಜನ ತಿಳಿದಿರುತ್ತಾರೆ, ಹಾಗಲ್ಲ. ಅದಕ್ಕೇ ಐಸಿಗೂ ಹೀಟ್‌ಸಿಂಕ್‌ಗೂ (ಬಿಸಿ ಹೊರಹಾಕುವ ಲೋಹದ ತುಂಡು) ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕುವುದು. ನಿಮ್ಮ ಹೀಟ್‌ಸಿಂಕ್ ಚಾಸಿಗೆ (ಲೋಹದ ಪೆಟ್ಟಿಗೆಗೆ) ಬಿಗಿದಿದ್ದು, ಚಾಸಿ ಗ್ರೌಂಡ್‌ಗೆ ಸೇರಿದ್ದರೆ, ಮೈಕಾ ಹರಿದರೂ ಬುಷ್ ಒಡೆದರೂ ಮೈನಸ್ ಸಪ್ಲೈ ನೇರವಾಗಿ ಶಾರ್ಟ್. ಕಂಡೆನ್ಸರ್ ಖಾಲಿ ಮಾಡಿ, ಆ ಬೋರ್ಡಿನ ಸಪ್ಲೈ ತಂತಿ ಬಿಚ್ಚಿ, ಐಸಿಯ 8ನೇ ಪಿನ್ನಿಗೂ ಹೀಟ್‌ಸಿಂಕ್‌ಗೂ ಮೀಟರ್ ಹಿಡಿಯಿರಿ. ಬೀಪ್ ಬಂದರೆ ಐಸಿಯ ಸ್ಕ್ರೂ ಬಿಚ್ಚಿ, ಹೀಟ್‌ಸಿಂಕ್‌ನಿಂದ ದೂರ ಮಾಡಿ ಮತ್ತೆ ಹಿಡಿಯಿರಿ. ಬೀಪ್ ನಿಂತರೆ ತಪ್ಪು ಐಸಿಯದ್ದಲ್ಲ.

ಆಗ ಐಸಿಯನ್ನೂ ಪರೀಕ್ಷಿಸಿ. 13ಕ್ಕೂ 14ಕ್ಕೂ, 14ಕ್ಕೂ 15ಕ್ಕೂ ನಡುವೆ ಅಳೆಯಿರಿ. 13 ಪ್ಲಸ್, 15 ಮೈನಸ್, 14 ಔಟ್‌ಪುಟ್. ಯಾವ ಜೋಡಿಯಲ್ಲೂ ಎರಡು ದಿಕ್ಕಿಗೂ ಸೊನ್ನೆ ಬರಬಾರದು. ಬಂದರೆ ಮಾತ್ರ ಹೊಸ ಐಸಿ. ಅದನ್ನೂ ನಂಬಿಕೆಯ ಅಂಗಡಿಯಲ್ಲೇ ಕೊಳ್ಳಿ, ಈ ನಂಬರಿನಲ್ಲಿ ನಕಲಿ ಮಾಲು ಬಹಳ.

ತೀರ್ಥಹಳ್ಳಿಯಿಂದ:

ಬುಷ್! ಮೈಕಾ ಸರಿಯಾಗೇ ಇತ್ತು. ಸ್ಕ್ರೂ ತೆಗೆದರೆ ಬುಷ್ ಎರಡು ಹೋಳಾಗಿ ಕೈಗೆ ಬಂತು, ಸ್ಕ್ರೂ ಪಕ್ಕದಲ್ಲಿ ಕಿಡಿ ಹಾರಿದ ಕಪ್ಪು ಕಲೆ. ದೂರ ಮಾಡಿದ ಕೂಡಲೇ ಬೀಪ್ ನಿಂತಿತು. ಐಸಿ ಅಳತೆ ಸರಿ ಬಂತು. ಎರಡೂ ಕಡೆಗೆ ಹೊಸ ಮೈಕಾ, ಬುಷ್, ಪೇಸ್ಟ್ ಹಾಕಿದೆ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂಗಿ 10000 ಎಂಎಫ್‌ಡಿಯ ಎರಡು ಕಂಡೆನ್ಸರ್ ತಂದುಕೊಟ್ಟಳು, ಅವನ್ನೂ ಬದಲಿಸಿದೆ. ಪ್ಲಸ್ ಮೈನಸ್ ಎರಡೆರಡು ಸಲ ನೋಡಿ ಬೆಸೆದೆ.

ಪುತ್ತೂರಿನಿಂದ:

ತುಂಬಾ ಸಂತೋಷ. ಆದರೆ ಸ್ಪೀಕರ್ ಜೋಡಿಸುವ ಮೊದಲು, ಬಲ್ಬ್ ಇಟ್ಟುಕೊಂಡೇ, ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟೇಜ್ ನೋಡಿ. 50 ಮಿಲಿವೋಲ್ಟ್ ಒಳಗೆ ಇದ್ದರೆ ಚಿಂತೆಯಿಲ್ಲ. ವೋಲ್ಟ್‌ಗಟ್ಟಲೆ ಬಂದರೆ ಸ್ಪೀಕರ್ ಕಾಯಿಲ್ ಸುಡುತ್ತದೆ. ಮೊದಲ ದಿನ ಯಾವುದಾದರೂ ಹಳೇ ಸ್ಪೀಕರ್ ಹಾಕಿ. ಹತ್ತು ನಿಮಿಷ ಓಡಲು ಬಿಟ್ಟು, ಪ್ಲಗ್ ಕಿತ್ತು, ಎರಡೂ ಹೀಟ್‌ಸಿಂಕ್ ಮುಟ್ಟಿ ನೋಡಿ. ಎರಡೂ ಒಂದೇ ಸಮ ಬೆಚ್ಚಗಿರಬೇಕು.

ತೀರ್ಥಹಳ್ಳಿಯಿಂದ:

ಎಡಕ್ಕೆ 11, ಬಲಕ್ಕೆ 18 ಮಿಲಿವೋಲ್ಟ್. ಬಲ್ಬ್ ತೆಗೆದು ನೇರವಾಗಿ ಹಾಕಿದೆ, ಫ್ಯೂಸ್ ನಿಂತಿದೆ. ಗುಂಯ್ ಸದ್ದೂ ಇಲ್ಲ. ಹೀಟ್‌ಸಿಂಕ್ ಎರಡೂ ಒಂದೇ ಥರ ಬೆಚ್ಚಗಿವೆ. ಅಪ್ಪ ಸ್ಪೀಕರ್ ಹತ್ತಿರ ಕಿವಿಯಿಟ್ಟು ಕೇಳಿ, ಚಂಡೆ ಪೆಟ್ಟು ಮೊದಲಿಗಿಂತ ಗಟ್ಟಿ ಬರುತ್ತಿದೆ ಅಂದರು. ಹೊಸ ಕಂಡೆನ್ಸರ್ ಹಾಕಿದ್ದಕ್ಕೆ ಹಾಗಾಗುತ್ತದೆಯೇ?

ಹುಬ್ಬಳ್ಳಿಯಿಂದ:

ಆಗುತ್ತದೆ. ಒಂದು ಜೋರು ಪೆಟ್ಟಿಗೆ ಬೇಕಾದ ಕರೆಂಟ್ ಆ ಕ್ಷಣದಲ್ಲಿ ಕಂಡೆನ್ಸರ್‌ನಿಂದಲೇ ಬರಬೇಕು. ಒಣಗಿದ್ದರೆ ವೋಲ್ಟೇಜ್ ಕುಸಿದು ಪೆಟ್ಟು ಮೆತ್ತಗಾಗುತ್ತದೆ. ಅಪ್ಪ ಕೇಳಿದ್ದು ಸರಿಯಾಗೇ ಇದೆ. ಆ ಸೀರೀಸ್ ಬಲ್ಬ್ ಬೋರ್ಡನ್ನು ಬಿಚ್ಚಬೇಡಿ, ಅಟ್ಟದಲ್ಲಿ ಇಡಿ.