‘500 ಮೀಟರ್ ಒಳಗಿನ ಜಾಗ ಸರ್ಕಾರಕ್ಕೆ’: ಪಿಯುಸಿ 92 ಗ್ರೂಪಿನಲ್ಲಿ ಎದ್ದ ಜಗಳ

*ಸುಧಾಕರ, 7.12*
📷 ಪೇಪರಿನ ಪುಟ
ಬಂದದ್ದನ್ನು ಹಾಗೇ ಹಾಕಿದ್ದೇನೆ: "ಕರಾವಳಿಯವರ ಗಮನಕ್ಕೆ!! ಸಮುದ್ರದಿಂದ 500 ಮೀಟರ್ ಒಳಗಿನ ವಾರಸುದಾರರಿಲ್ಲದ ಜಾಗ ಎಲ್ಲ ಸರ್ಕಾರದ ವಶಕ್ಕೆ. ಸತ್ತವರ ಹೆಸರಲ್ಲಿ ಪಹಣಿ ಇದ್ದರೆ ಅದೂ ಹೋಯಿತು. 30 ದಿನದೊಳಗೆ ಕೆಳಗಿನ ಲಿಂಕಿನಲ್ಲಿ ನೋಂದಾಯಿಸಿ. ಶುಲ್ಕ 250 ರೂ. ಎಲ್ಲರಿಗೂ ಕಳಿಸಿ."
ಊರಲ್ಲಿ ಜಾಗ ಇರುವವರು ಕೂಡಲೇ ನೋಡಿ.

*ವಾಲ್ಟರ್ ಸರ್ವೆಯರ್, 7.20*
ಲಿಂಕ್ ಯಾರೂ ಒತ್ತಬೇಡಿ. ಸುಧಾ, ಫೋಟೊ ದೊಡ್ಡ ಮಾಡಿ ನೋಡು ಮಾರಾಯ. ಅಲ್ಲಿ ಇರುದು ಒಂದು ನೋಟಿಸ್ ಅಲ್ಲ, ಎರಡು. ಎಡಗಡೆಯದ್ದು ಕರಾವಳಿ ವಲಯ ನಿರ್ವಹಣಾ ಯೋಜನೆಯ ಕರಡು ನಕ್ಷೆಗೆ ಆಕ್ಷೇಪಣೆ ಕರೆದದ್ದು. ಬಲಗಡೆಯದ್ದು ಪೊಲೀಸ್ ಠಾಣೆಯದ್ದು, ವಾರಸುದಾರರಿಲ್ಲದ ಬೈಕುಗಳ ಪಟ್ಟಿ. ಎಡದಿಂದ "500 ಮೀಟರ್", ಬಲದಿಂದ "ವಾರಸುದಾರರಿಲ್ಲದ ಸ್ವತ್ತು" ತೆಗೆದು ಯಾರೋ ಹೊಲಿಗೆ ಹಾಕಿದ್ದಾರೆ.

*ಗಣೇಶ ಬೆಂಗಳೂರು, 7.31*
ಹೊಲಿಗೆ ಇರಬಹುದು. ಆದ್ರೆ ಬೆಂಕಿ ಇಲ್ದೆ ಹೊಗೆ ಬರಲ್ಲ. ಮೊದಲು ನಕ್ಷೆ ಮಾಡ್ತಾರೆ, ಆಮೇಲೆ ಜಾಗಕ್ಕೆ ಕೈ ಹಾಕ್ತಾರೆ. ಇದು ಯಾವಾಗಲೂ ಹೀಗೇ.

*ಶೈಲಜಾ ವಕೀಲರು, 7.44*
ಗಣೇಶ, ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಬಂದದ್ದು 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ. 1991ರಲ್ಲಿ ಮೊದಲ ಅಧಿಸೂಚನೆ, ಆಮೇಲೆ 2011, ಈಗಿನದ್ದು 2019ರದ್ದು. ಮೂರರಲ್ಲೂ ಒಂದೇ ಒಂದು ಸೆಂಟ್ಸ್ ಜಾಗದ ಮಾಲೀಕತ್ವ ಬದಲಾಯಿಸುವ ಅಧಿಕಾರ ಇಲ್ಲ. ಎಲ್ಲಿ ಎಂತ ಕಟ್ಟಬಹುದು, ಎಂತ ಕಟ್ಟಬಾರದು ಅಷ್ಟೆ. ಪಹಣಿಯ ಹೆಸರು ಹಾಗೇ ಇರ್ತದೆ, ತೆಂಗಿನ ತೋಟ ಹಾಗೇ ಮಾಡಬಹುದು.

*ಶೈಲಜಾ ವಕೀಲರು, 7.46*
ಇನ್ನೊಂದು. ಫೋಟೊದಲ್ಲಿ ಪೊಲೀಸ್ ನೋಟಿಸಿನ ಕೆಳಗೆ "ದಂಡ ಪ್ರಕ್ರಿಯಾ ಸಂಹಿತೆ ಕಲಂ 457, 458" ಅಂತ ಉಂಟು. ಆ ಸಂಹಿತೆ 2024 ಜುಲೈ 1ಕ್ಕೆ ಹೋಯಿತು. ಈಗ ಆದರೆ ಅದರ ಬದಲು ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 503, 504 ಅಂತ ಬರೆಯಬೇಕು. ಅಂದರೆ ಪೇಪರು ಅದಕ್ಕಿಂತ ಹಿಂದಿನದ್ದು. ನಮ್ಮ ರಾಜ್ಯದ ಕರಡಿಗೆ ಕೇಂದ್ರದ ಒಪ್ಪಿಗೆ ಕೂಡ ಆಗಿಹೋಗಿದೆ. ಹಳೇ ಅನ್ನಕ್ಕೆ ಒಗ್ಗರಣೆ ಇದು.

*ಸುಧಾಕರ, 7.50*
ಓಹ್. ಸೆಕ್ಷನ್ ನಂಬರ್ ನೋಡಿ ಪೇಪರಿನ ವಯಸ್ಸು ಹೇಳಿದಿ ಮಾರಾಯ್ತಿ 😀

*ಮಮತಾ ಕ್ಯಾಲಿಫೋರ್ನಿಯಾ, 7.58*
ಆದ್ರೆ ಪೂರ್ತಿ ಸುಳ್ಳು ಅಂತ ಹೇಗೆ ಹೇಳ್ತೀರಿ? ಇಲ್ಲಿ ಬ್ಯಾಂಕ್ ಖಾತೆಯನ್ನು 3 ವರ್ಷ ಮುಟ್ಟದಿದ್ರೆ ದುಡ್ಡು ರಾಜ್ಯದ ಕಂಟ್ರೋಲರ್ ಕಚೇರಿಗೆ ಹೋಗ್ತದೆ. ಅಲ್ಲಿ ಜಾಗಕ್ಕೂ ಹಾಗೇ ಮಾಡಿರಬಹುದಲ್ವಾ?

*ಶೈಲಜಾ ವಕೀಲರು, 8.05*
ನಿಮ್ಮಲ್ಲೂ ಆ ಕಾನೂನಿಗೆ ಜಮೀನು ಮನೆ ಸೇರುದಿಲ್ಲ ಮಮತಾ. ಖಾತೆ, ಷೇರು, ಚೆಕ್ಕು, ಲಾಕರಿನ ವಸ್ತು, ಇಂಥದ್ದು ಮಾತ್ರ. ಹೋದ ಮೇಲೂ ಯಾವಾಗ ಬೇಕಾದರೂ ಕೇಳಿ ಪಡೆಯಬಹುದು. ಇಲ್ಲಿ ವಾರಸುದಾರರಿಲ್ಲ ಅಂತ ಹಿಂದೂಗಳ ಜಮೀನು ಸರ್ಕಾರಕ್ಕೆ ಹೋಗಬೇಕಾದರೆ ಹಿಂದೂ ಉತ್ತರಾಧಿಕಾರ ಕಾಯಿದೆಯ ಕಲಂ 29 ಬೇಕು: ವಾರಸುದಾರ ಒಬ್ಬನೂ ಇರಬಾರದು. ಹೆಂಡತಿ ಮಕ್ಕಳು, ಅಣ್ಣ ತಮ್ಮ, ಗಂಡಸರ ಕಡೆಯ ದಾಯಾದಿಗಳು, ಅವರೂ ಇಲ್ಲದಿದ್ದರೆ ಹೆಂಗಸರ ಕಡೆಯ ದೂರದ ನೆಂಟರು, ಅಷ್ಟೂ ಮುಗಿದ ಮೇಲೆ. ಯಾರೂ ಇಲ್ಲ ಅಂತ ಸಾಬೀತು ಮಾಡುದು ಸರ್ಕಾರದ ತಲೆನೋವು. 30 ದಿನದ ಪೇಪರ್ ನೋಟಿಸಿನಲ್ಲಿ ಆಗುವ ಕೆಲಸ ಅಲ್ಲ.

ಅಜ್ಜನ ಹೆಸರಿನ ಪಹಣಿ ವಾರಸುದಾರರಿಲ್ಲದ ಜಾಗ ಅಲ್ಲ. ಪೌತಿ ಖಾತೆ ಆಗದ ಜಾಗ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗದ್ದು. ಮರಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಬೇಕು. ಹೋಗದಿದ್ದರೆ ಹೆದರಬೇಕಾದ್ದು ಸರ್ಕಾರಕ್ಕಲ್ಲ, ಪಕ್ಕದ ಮನೆಯವನಿಗೆ. ಬೇಲಿ ಸರಿಸಿ 12 ವರ್ಷ ರಾಜಾರೋಷವಾಗಿ ಅನುಭವಿಸಿದರೆ ಅವನೇ ಕೋರ್ಟಿನಲ್ಲಿ ಹಕ್ಕು ಹೇಳ್ತಾನೆ.

*ನವೀನ್ ಬ್ಯಾಂಕ್, 8.17*
ದುಡ್ಡಿನ ಬದಿ ನಾನು ಹೇಳ್ತೇನೆ, ಯಾಕೆಂದರೆ ಈ ಫಾರ್ವರ್ಡಿನಲ್ಲಿ ಯಾರೂ ಕೇಳದ ನಿಜವಾದ ವಾರಸುದಾರರಿಲ್ಲದ ಸ್ವತ್ತು ಅಲ್ಲೇ ಇರುದು.

10 ವರ್ಷ ವ್ಯವಹಾರ ಇಲ್ಲದ ಠೇವಣಿ ರಿಸರ್ವ್ ಬ್ಯಾಂಕಿನ ಡಿಇಎ (ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ) ನಿಧಿಗೆ ಹೋಗ್ತದೆ, 2014ರ ಯೋಜನೆ. ಹೋದರೂ ಹಕ್ಕು ಸಾಯುದಿಲ್ಲ. ಬ್ಯಾಂಕ್ ಮೊದಲು ನಿಮಗೆ ಕೊಟ್ಟು ಆಮೇಲೆ ನಿಧಿಯಿಂದ ಪಡೀತದೆ. ಬಡ್ಡಿ ಇರುವ ಖಾತೆ ಆದರೆ 2021 ಮೇ 11ರಿಂದ 3% ಸರಳ ಬಡ್ಡಿ. ಹುಡುಕಲಿಕ್ಕೆ ಉದ್ಗಮ್ ಪೋರ್ಟಲ್, 2023 ಆಗಸ್ಟಿನಲ್ಲಿ ಬಂತು. ಶುಲ್ಕ ಒಂದು ಪೈಸೆ ಇಲ್ಲ. ಹೆಸರಿನ ಜೊತೆ ಪ್ಯಾನ್, ವೋಟರ್ ಐಡಿ, ಹುಟ್ಟಿದ ದಿನ ಇಂಥದ್ದರಲ್ಲಿ ಯಾವುದಾದರೂ ಒಂದು ಹಾಕಬೇಕು. ಸಿಕ್ಕಿದರೆ ಒಂದು ಉಲ್ಲೇಖ ಸಂಖ್ಯೆ ಬರ್ತದೆ, ಅದನ್ನು ಹಿಡಿದು ಶಾಖೆಗೆ ಹೋಗುದು.

ನಮ್ಮ ಊರಿನವರು ತಪ್ಪುದು ಎಲ್ಲಿ ಅಂದರೆ ಬ್ಯಾಂಕಿನ ಹೆಸರಿನಲ್ಲಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಆಯಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್‌ಗೆ. ಪಾಸ್‌ಬುಕ್ಕಿನಲ್ಲಿ "ಸಿಂಡಿಕೇಟ್" ಅಂತ ಇದೆ ಅಂತ ಪಟ್ಟಿಯಲ್ಲಿ ಅದನ್ನೇ ಹುಡುಕಿ, ಇಲ್ಲ ಅಂತ ಎದ್ದು ಬರುದು. ಎರಡನೆಯದ್ದು ಅಕ್ಷರ. ಶೆಟ್ಟಿಗೆ ಕೊನೆಯಲ್ಲಿ ವೈ ಉಂಟು, ಐ ಉಂಟು. ಇನಿಷಿಯಲ್ ಮುಂದೆ, ಹಿಂದೆ, ಬಿಡಿಸಿ ಬರೆದದ್ದು, ಎಲ್ಲ ಹಾಕಿ ನೋಡಬೇಕು.

*ಇಸ್ಮಾಯಿಲ್ ಕಂಟ್ರಾಕ್ಟರ್, 8.24*
ಪೆಟ್ಟಿಗೆಯಲ್ಲಿ ಹಳೇ ಷೇರು ಪತ್ರ ಇರುವವರು ಎಂತ ಮಾಡುದು? ಅದೂ ಇದೇ ಬ್ಯಾಂಕುಗಳದ್ದು.

*ನವೀನ್ ಬ್ಯಾಂಕ್, 8.33*
ಕಾಗದ ರದ್ದಿ ಅಲ್ಲ. ವಿಲೀನದಲ್ಲಿ ಸಿಂಡಿಕೇಟಿನ 1000 ಷೇರಿಗೆ ಕೆನರಾದ 158, ಕಾರ್ಪೊರೇಷನ್ನಿನ 1000ಕ್ಕೆ ಯೂನಿಯನ್ನಿನ 330, ವಿಜಯಾದ 1000ಕ್ಕೆ ಬರೋಡಾದ 402. ಡಿವಿಡೆಂಡ್ 7 ವರ್ಷ ತಗೊಳ್ಳದಿದ್ದರೆ ಐಇಪಿಎಫ್ (ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿ) ಅಂತ ಕೇಂದ್ರದ ನಿಧಿಗೆ. ಸರ್ಕಾರಿ ಬ್ಯಾಂಕುಗಳ ಷೇರುಗಳನ್ನೂ ಹಾಗೆ ವರ್ಗಾಯಿಸಲಿಕ್ಕೆ ಬ್ಯಾಂಕಿಂಗ್ ಕಾನೂನಿನ 2025ರ ತಿದ್ದುಪಡಿ ದಾರಿ ಮಾಡಿದೆ, ಆದ್ದರಿಂದ ಇಟ್ಟುಕೊಂಡು ಕೂರಬೇಡ. ಮೊದಲು ಈಗಿನ ಬ್ಯಾಂಕಿನ ಷೇರು ರಿಜಿಸ್ಟ್ರಾರ್‌ಗೆ ಫೋಲಿಯೊ ನಂಬರ್ ಬರೆದು ಕೇಳು. ನಿಧಿಗೆ ಹೋಗಿದ್ದರೆ ಮಾತ್ರ ಐಇಪಿಎಫ್-5 ಫಾರಂ.

*ಗಣೇಶ ಬೆಂಗಳೂರು, 8.41*
ವಿಷಯ ಎಲ್ಲಿಗೋ ಹೋಯ್ತು. ನನ್ನ ಪ್ರಶ್ನೆ ಅಲ್ಲೇ ಇದೆ. ಕರಡು ನಕ್ಷೆಗೆ ಪೇಪರಲ್ಲಿ ನೋಟಿಸ್ ಕೊಟ್ರು, ಜಿಲ್ಲೆಯಲ್ಲಿ ಅಹವಾಲು ಸಭೆ ಮಾಡಿದ್ರು. ಆಗ ಯಾರೂ ಓದಲಿಲ್ಲ. ಈಗ ಮನೆ ಲೈಸೆನ್ಸ್ ಸಿಗಲ್ಲ ಅಂತ ಗಲಾಟೆ. ತಪ್ಪು ಯಾರದ್ದು?

*ವಾಲ್ಟರ್ ಸರ್ವೆಯರ್, 8.58*
ಈಗ ಮಾತಿಗೆ ಬಂದಿ. ಓದಿದವನಿಗೆ ಎಂತ ಗೊತ್ತಾಗ್ತಿತ್ತು ಹೇಳು. ಕರಡು ನಕ್ಷೆಯ ಸ್ಕೇಲ್ 1:25,000. ನಕ್ಷೆಯ 1 ಮಿಲಿಮೀಟರ್ ಅಂದರೆ ನೆಲದಲ್ಲಿ 25 ಮೀಟರ್. 10 ಸೆಂಟ್ಸ್ ಜಾಗ ಸುಮಾರು 20 ಮೀಟರ್ ಉದ್ದ, 20 ಅಗಲ. ಅದು ಆ ನಕ್ಷೆಯಲ್ಲಿ ಒಂದು ಸಾಸಿವೆ ಕಾಳಿಗಿಂತ ಚಿಕ್ಕದು. ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ಗೆರೆಯ ಅಡಿಯಲ್ಲೇ 12.5 ಮೀಟರ್. ಮನೆ ಗೆರೆಯ ಆಚೆಯಾ ಈಚೆಯಾ ಅಂತ ಯಾರು ಹೇಳುದು? ನೋಟಿಸಿನಲ್ಲಿ ಸರ್ವೆ ನಂಬರೂ ಇಲ್ಲ.

*ಗಣೇಶ ಬೆಂಗಳೂರು, 9.02*
1:4000 ನಕ್ಷೆ ಇದೆಯಲ್ಲ? ಸರ್ವೆ ನಂಬರ್ ಸಹಿತ.

*ವಾಲ್ಟರ್ ಸರ್ವೆಯರ್, 9.15*
ಉಂಟು, ಸ್ಥಳೀಯ ಸಂಸ್ಥೆಗಳ ಉಪಯೋಗಕ್ಕೆ. ಮಿಲಿಮೀಟರಿಗೆ 4 ಮೀಟರ್, ಅದರಲ್ಲಿ ಮನೆ ಕಾಣ್ತದೆ. ಆದರೆ ಅದರ ಮೇಲೆ ಕೂರಿಸುವ ಗ್ರಾಮ ನಕ್ಷೆಯೇ ಹಳೇದು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮದ್ರಾಸ್ ಕಾಲದ ಎಫ್‌ಎಂಬಿ (ಜಾಗದ ಅಳತೆ ಪುಸ್ತಕ), ಉತ್ತರ ಕನ್ನಡದಲ್ಲಿ ಬಾಂಬೆ ಕಾಲದ ಅಳತೆ ಟಿಪ್ಪಣಿ. ಉಪಗ್ರಹ ಚಿತ್ರದ ಮೇಲೆ ಇವನ್ನು ಕೂರಿಸುವಾಗ ಎರಡು ಬಾಂದು ಕಲ್ಲು ಸಿಗದಿದ್ದರೆ ಇಡೀ ಊರೇ ಸ್ವಲ್ಪ ಜರುಗ್ತದೆ. ಕಡಲ ಬದಿ ಕಲ್ಲು ಮೊದಲೇ ಮರಳಿನಡಿ, ಇಲ್ಲ ನೀರಿನಡಿ.

ಜಾಗ ಯಾವ ವಲಯ ಅಂತ ತಿಳಿಯಬೇಕಾದವರು ಹೀಗೆ ಮಾಡಿ. ಪಹಣಿ, ಹಿಸ್ಸಾ ನಕ್ಷೆ ತಗೊಳ್ಳಿ. ಗಡಿಯ ನಾಲ್ಕು ಮೂಲೆಗೆ ಜಿಪಿಎಸ್ ಬಿಂದು ಹಾಕಿಸಿ, ಮೊಬೈಲಿನದ್ದಲ್ಲ, ಸರ್ವೆಯ ಡಿಜಿಪಿಎಸ್. ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲಿ, ಮಂಗಳೂರು, ಉಡುಪಿ, ಕಾರವಾರದಲ್ಲಿ ಉಂಟು, ಒಪ್ಪಿಗೆಯಾದ ನಕ್ಷೆಯ ಜೊತೆ ತಾಳೆ ನೋಡಲು ಅರ್ಜಿ ಕೊಡಿ. ದೂರ ಅಳೆಯುದು ಇವತ್ತಿನ ನೀರಿನ ಅಂಚಿನಿಂದ ಅಲ್ಲ, ಗುರುತು ಮಾಡಿದ ಭರತದ ಗೆರೆಯಿಂದ, ಅಂದರೆ ಭರತದ ನೀರು ಏರುವ ಕೊನೆಯ ಗೆರೆಯಿಂದ. ಮೊಬೈಲ್ ಮ್ಯಾಪಿನಲ್ಲಿ ಅಲೆ ಇರುವಲ್ಲಿಂದ ಟೇಪ್ ಹಿಡಿದು "ನಂದು 210 ಮೀಟರ್, ಪಾಸ್" ಅಂತ ಮನೆಗೆ ಪಂಚಾಂಗ ಹಾಕಿದವರೇ ಸಿಕ್ಕಿಬೀಳುದು.

*ಸುಧಾಕರ, 9.19*
210 ಮೀಟರ್ ಯಾಕೆ ಪಾಸ್? 500 ಅಲ್ವಾ?

*ವಾಲ್ಟರ್ ಸರ್ವೆಯರ್, 9.30*
500 ಅಂದರೆ ನಿಯಮ ಅನ್ವಯ ಆಗುವ ಪಟ್ಟಿ. ಅದರೊಳಗೆ ಕಟ್ಟಲೇಬಾರದ ಪಟ್ಟಿ ಬೇರೆ. ಗ್ರಾಮಾಂತರದಲ್ಲಿ 2011ರ ಜನಗಣತಿಯ ಪ್ರಕಾರ ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನ ಇದ್ದರೆ 3ಎ ವಲಯ, ಅಲ್ಲಿ 50 ಮೀಟರ್. ಕಡಿಮೆ ಇದ್ದರೆ 3ಬಿ, ಅಲ್ಲಿ 200 ಮೀಟರ್. ಅದರ ಆಚೆ ಊರಿನವರು ವಾಸದ ಮನೆ ಕಟ್ಟಬಹುದು, ಎತ್ತರ 9 ಮೀಟರ್ ಮೀರಬಾರದು, ನೆಲ ಮತ್ತು ಒಂದು ಮಹಡಿ. ಸ್ವಂತ ವಾಸದ ಮನೆ 300 ಚದರ ಮೀಟರಿನ ಒಳಗಿದ್ದರೆ ಸ್ಥಳೀಯ ಪ್ರಾಧಿಕಾರವೇ ಪರಿಶೀಲಿಸಿ ಒಪ್ಪಿಗೆ ಕೊಡಬಹುದು, ಬೆಂಗಳೂರಿಗೆ ಫೈಲು ಹೋಗಬೇಕಿಲ್ಲ. ಹೊಳೆ ಬದಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 30 ಮೀಟರ್ ಅಗಲದ ತೋಡಿಗೆ 30 ಮೀಟರ್. 100 ಮೀಟರ್ ಅಂತ ಇನ್ನೂ ಹೇಳುವವರು 2011ರಲ್ಲೇ ನಿಂತಿದ್ದಾರೆ.

*ಗಣೇಶ ಬೆಂಗಳೂರು, 9.37*
ಇಷ್ಟೆಲ್ಲ ಗೊತ್ತಿರೋ ನೀನು ಆಗ ಆಕ್ಷೇಪಣೆ ಕೊಡಿಸಬಹುದಿತ್ತಲ್ಲ ಊರವರ ಹತ್ರ? ಪೇಪರನ್ನೇ ಬೈದರೆ ಆಯ್ತಾ?

*ಶೈಲಜಾ ವಕೀಲರು, 9.49*
ಕೊಟ್ಟವರೂ ಇದ್ದಾರೆ ಗಣೇಶ, ನಿಲ್ಲಲಿಲ್ಲ. "ನಮ್ಮ ಊರಿಗೆ ತೊಂದರೆ ಆಗ್ತದೆ, ಯೋಜನೆ ಕೈಬಿಡಿ" ಅಂತ ನೂರು ಸಹಿ ಹಾಕಿ ಕೊಟ್ಟರೆ ಅದು ಮನವಿ, ಆಕ್ಷೇಪಣೆ ಅಲ್ಲ. ನಕ್ಷೆಯ ಹಾಳೆ ಸಂಖ್ಯೆ, ಸರ್ವೆ ನಂಬರ್, ಹಿಸ್ಸಾ, ನಕ್ಷೆ ಎಂತ ತೋರಿಸ್ತದೆ, ನೆಲದಲ್ಲಿ ಎಂತ ಉಂಟು, ಅದಕ್ಕೆ ದಾಖಲೆ, ಈ ಕ್ರಮದಲ್ಲಿ ಬರೆದರೆ ಮಾತ್ರ ಉತ್ತರ ಕೊಡಬೇಕಾಗ್ತದೆ. ಬಲೆ ಒಣಗಿಸುವ ಜಾಗ, ದೋಣಿ ಎಳೆಯುವ ಜಾಗ, ಮೀನು ಒಣಗಿಸುವ ಕಟ್ಟೆ ನಕ್ಷೆಯಲ್ಲಿ ಗುರುತಾಗಬೇಕು ಅಂತ ಅಧಿಸೂಚನೆಯೇ ಹೇಳ್ತದೆ. ಅದನ್ನು ಕೇಳಿದ ಅರ್ಜಿಗಳು ಕಡಿಮೆ. ಎಲ್ಲರಿಗೂ ಬೇಕಾದ್ದು ತಮ್ಮ ಕಾಂಪೌಂಡ್ ಮಾತ್ರ.

ಆದರೂ ನೋಟಿಸು ಸರಿ ಇತ್ತು ಅಂತ ನಾನು ಒಪ್ಪುದಿಲ್ಲ. ಹೆದ್ದಾರಿ ಕಾಯಿದೆಯ ಕಲಂ 3ಎ ಅಧಿಸೂಚನೆ ನೋಡು, ಸರ್ವೆ ನಂಬರು ಸಹಿತ ಬರ್ತದೆ. 21 ದಿನದಲ್ಲಿ ಆಕ್ಷೇಪಣೆ. ಹೆದ್ದಾರಿ 66ಕ್ಕೆ ಜಾಗ ಹೋಗುವಾಗ ಓದಿದವನಿಗೆ ತನ್ನದು ಗೊತ್ತಾಗ್ತಿತ್ತು. ಸುಧಾಕರ ಹೆದರಬೇಕಾದ್ದು ಅಂಥ ನೋಟಿಸಿಗೆ. ಅಲ್ಲಿ ಮಾಲೀಕತ್ವ ನಿಜವಾಗಿ ಹೋಗ್ತದೆ, ಹತ್ತು ಜನ ವಾರಸುದಾರರು ಜಗಳಾಡಿದರೆ ಪರಿಹಾರ ಕೋರ್ಟಿನಲ್ಲಿ ಕೂರ್ತದೆ.

*ಗಣೇಶ ಬೆಂಗಳೂರು, 9.55*
ಸರ್ವೆ ನಂಬರ್ ಇರಬೇಕಿತ್ತು ಅನ್ನೋದು ಒಪ್ಪಿದೆ. ಓದದೆ ಇದ್ದದ್ದಕ್ಕೆ ಅದು ನೆಪ ಅಲ್ಲ ಅನ್ನೋದು ಬಿಡಲ್ಲ.

*ಇಸ್ಮಾಯಿಲ್ ಕಂಟ್ರಾಕ್ಟರ್, 10.04*
ಅದು ಇರಲಿ. ಈಗ ಒಪ್ಪಿಗೆಯಾದ ನಕ್ಷೆಯಲ್ಲೇ ತಪ್ಪು ಇದ್ದರೆ ದಾರಿ ಮುಚ್ಚಿತಾ? ಹೊಳೆಗೆ ಅಡ್ಡ ಹಳೇ ಕಟ್ಟು, ಹಲಗೆ ಹಾಕುವ ಕಿಂಡಿ ಉಂಟು. ಉಪ್ಪು ನೀರು ಒಳಗೆ ಬಾರದ ಗದ್ದೆಯನ್ನೂ ಭರತದ ಗೆರೆಯೊಳಗೆ ತೋರಿಸಿದ್ದಾರೆ.

*ವಾಲ್ಟರ್ ಸರ್ವೆಯರ್, 10.16*
ಮುಚ್ಚಿಲ್ಲ. ಸಂಶಯ ಇದ್ದರೆ ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಚೆನ್ನೈಯ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರಕ್ಕೆ ಕಳಿಸಬೇಕು, ಅವರು ಹೊಸ ಉಪಗ್ರಹ ಚಿತ್ರ ಮತ್ತು ಸ್ಥಳ ಪರಿಶೀಲನೆ ಮಾಡಿ ಹೇಳ್ತಾರೆ. 2019ರ ಅಧಿಸೂಚನೆಯ ಅನುಬಂಧದಲ್ಲೇ ಉಂಟು. ನಿನ್ನ ಕಟ್ಟು 1991ರ ಫೆಬ್ರವರಿ 19ಕ್ಕಿಂತ ಮೊದಲಿನದ್ದಾದರೆ ಭರತದ ಗೆರೆ ಆ ಕಟ್ಟಿನಲ್ಲೇ ನಿಲ್ಲಬೇಕು. ಆದರೆ ಹಲಗೆ ಕೊಳೆತು ಉಪ್ಪು ನೀರು ನುಗ್ಗಿ ಒಳಗೆ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದಿದ್ದರೆ, ಅದು ಎಷ್ಟೇ ಚಿಕ್ಕ ಜಾಗ ಆಗಲಿ 1ಎ ವಲಯ. ಅಲ್ಲಿ ಎಂತದೂ ನಡೆಯುದಿಲ್ಲ. ಹಲಗೆ ಹಾಕದ ಸೋಮಾರಿತನಕ್ಕೆ ಬೆಲೆ ಅದು.

*ಇಸ್ಮಾಯಿಲ್ ಕಂಟ್ರಾಕ್ಟರ್, 10.19*
ಕಾಂಡ್ಲಾ ಇಲ್ಲ. ಕಿಂಡಿಯ ಕಂಬದಲ್ಲಿ 1984 ಅಂತ ಕೆತ್ತಿದ್ದುಂಟು. ಫೋಟೊ ಸಾಕಾ?

*ಶೈಲಜಾ ವಕೀಲರು, 10.23*
ಫೋಟೊ ಸೇರಿಸು, ಅದೊಂದೇ ಸಾಲುದಿಲ್ಲ. ಇಸವಿ ನಿನ್ನೆಯೂ ಕೆತ್ತಬಹುದು. ಸಣ್ಣ ನೀರಾವರಿ ಇಲಾಖೆಯಲ್ಲಿ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳು. ಪಂಚಾಯತಿಯದ್ದಾದರೆ ಠರಾವು ಪುಸ್ತಕ. ಕಡತ ಸಿಗುದಿಲ್ಲ ಅಂದರೆ ಹಾಗೆ ಅಂತ ಬರಹದಲ್ಲೇ ಕೊಡಲಿ.

*ಸುಧಾಕರ, 10.31*
ಫಾರ್ವರ್ಡ್ ಇಲ್ಲಿ ಡಿಲೀಟ್ ಮಾಡಿದೆ. ಇನ್ನು ಮೂರು ಗ್ರೂಪಿಗೆ ಹಾಕಿದ್ದೆ, ಅಲ್ಲಿಯೂ ತೆಗೀತೇನೆ. ಒಂದರಲ್ಲಿ ಆಗಲೇ ಇಬ್ಬರು 250 ಕಟ್ಟಿದ್ದಾರಂತೆ.

*ನವೀನ್ ಬ್ಯಾಂಕ್, 10.32*
ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಈಗಲೇ ಫೋನ್ ಮಾಡಲಿಕ್ಕೆ ಹೇಳು ಅವರಿಗೆ. ಆಧಾರ್, ಒಟಿಪಿ ಕೊಟ್ಟಿದ್ದಾರಾ ಕೇಳು.